ಕೈ ಕಟ್ಟಿಕೊಂಡು ಕಲಿಸಿದ ಮಣ್ಣೆತ್ತು

ಕಂಪ್ಲಿಯ ಯಜಮಾನರು ಮಾತಾಡುವ ಮೊದಲು ಕೆಮ್ಮುತ್ತಾರೆ. ಅವರದು ಅಕ್ಕಿ ಗಿರಣಿ. ಕೆಮ್ಮೂ ಹಾಗೇ: ಮೊದಲು ಬೆಲ್ಟು ಎಳೆದ ಸದ್ದು, ಆಮೇಲೆ ಗಡಗಡ, ಅದು ಒಂದು ಹದಕ್ಕೆ ಬಂದ ಮೇಲೆ ಮಾತು ಹೊರಗೆ ಬೀಳುತ್ತದೆ, ಹೊಟ್ಟು ಬೇರೆ ಅಕ್ಕಿ ಬೇರೆ ಆಗಿ. ಏನು ಕೇಳಿದರೂ ಕೊನೆಗೆ ಬರುವ ಅಕ್ಕಿಕಾಳು ಒಂದೇ: "ನೋಡಾಣ, ನೋಡಾಣ." ಮೊದಲ ಭೇಟಿಯಲ್ಲೇ ನಾನು ಇದನ್ನು ಕಲಿತುಬಿಟ್ಟೆ. ಯಾರನ್ನು ನೋಡಿದರೂ ಅವರ ದನಿ ನನ್ನ ಗಂಟಲಿಗೆ ಬಂದು ಕೂರುವ ಕಾಯಿಲೆ ನನಗೆ ಮೊದಲಿನಿಂದಲೂ ಇದೆ. ಮರಿಯಮ್ಮನಹಳ್ಳಿಯ ನಮ್ಮ ಮನೆ ಲಾರಿ ರಸ್ತೆಗೇ ಅಂಟಿಕೊಂಡಿರುವುದರಿಂದ, ಹಾರ್ನ್ ಕೇಳಿ ನಮ್ಮಜ್ಜಿ ದಾರಿ ಬಿಟ್ಟರೆ ಅದು ಲಾರಿಯೋ ಮೊಮ್ಮಗನೋ ಎಂದು ಆಕೆಗೆ ಇವತ್ತಿಗೂ ಖಾತ್ರಿಯಿಲ್ಲ.

ಆ ದಿನ ನಾನು ಕಮಲಾಪುರದಲ್ಲಿ, ಯಜಮಾನರ ಮಗನ ಮನೆಯ ಪಡಸಾಲೆಯಲ್ಲಿ, ಮೂಗಿಗೆ ಹಸಿರು ಬಣ್ಣ ಮೆತ್ತಿಕೊಂಡು ಕೂತಿದ್ದೆ. ಆ ಮನೆಯ ಮಕ್ಕಳಿಗೆ ಚಿತ್ರ ಕಲಿಸುವುದು ನನ್ನ ಕೆಲಸ. ಅವರು ಶಾಲೆಗೆ ಹೋಗುವುದಿಲ್ಲ, ಶಾಲೆಯೇ ಮನೆಯಲ್ಲಿದೆ. ಹಿಂದೆ ಹೊಸಪೇಟೆಯಲ್ಲಿ ಟೀಚರಾಗಿದ್ದ ತಾಯಿ ಓದು, ಲೆಕ್ಕ ಕಲಿಸುತ್ತಾರೆ. ಬಾಳೆ ತೋಟ ನೋಡಿಕೊಳ್ಳುವ ತಂದೆ ಗಿಡ, ಹುಳ, ಪಂಪ್‌ಸೆಟ್ ಕಲಿಸುತ್ತಾರೆ. ಉಳಿದದ್ದು, ಅಂದರೆ ಗೋಡೆ ಕೆಡಿಸುವುದು, ನನ್ನ ವಿಷಯ.

ದೊಡ್ಡವಳಿಗೆ ಎಂಟು ವರ್ಷ. ಒಂದು ವರ್ಷ ಶಾಲೆಗೆ ಹೋಗಿ ಬಂದಿದ್ದಾಳೆ. ಅಲ್ಲಿ ಚಿತ್ರವೆಂದರೆ ಬೋರ್ಡಿನ ಮೇಲಿನದ್ದು ಹಾಗೇ ಹಾಳೆಗೆ ಇಳಿಯಬೇಕು. ಇಳಿಯದಿದ್ದರೆ ಅಳಿಸಬೇಕು. ಅವಳು ಮನೆಗೆ ತಂದ ವಿದ್ಯೆ ಅದೊಂದೇ. ಗೆರೆ ಪೂರ್ತಿ ಎಳೆಯುವ ಮೊದಲೇ ಅಳಿಸಲು ಶುರು ಮಾಡುತ್ತಾಳೆ. ಹಾಳೆಯ ನಡುವೆ ತೂತು ಬೀಳುವವರೆಗೂ ಉಜ್ಜಿ, ಆ ತೂತಿನಲ್ಲಿ ನನ್ನನ್ನು ನೋಡುತ್ತಾಳೆ. ನಾನು ಅವಳಿಗೆ ರಬ್ಬರ್ ಮೇಡಂ ಎಂದು ಹೆಸರಿಟ್ಟಿದ್ದೆ. ಐದು ವರ್ಷದ ತಮ್ಮನ ಹೆಸರು ಜೆಸಿಬಿ. ಅವನು ಅಳಿಸುವುದಿಲ್ಲ, ಅಗೆಯುತ್ತಾನೆ. ಇಬ್ಬರೂ ಸೇರಿ ನನಗೆ ಇಟ್ಟಿದ್ದ ಹೆಸರು ಚಿತ್ರದ ಮಾಮಾ. ಅದು ಎದುರಿಗೆ ಕರೆಯುವುದು. ಹಿಂದಿನಿಂದ ಕರೆಯುವುದು ಬೇರೆ ಇತ್ತು. ನನ್ನ ಕೂದಲು ನೋಡಿದವರು ಊಹಿಸಬಹುದು.

ಶಾಲೆಗಳು ಬಾಗಿಲು ತೆರೆಯುವ ಹೊತ್ತು. ಯಜಮಾನರು ಕೆಮ್ಮಿ, ಈ ವರ್ಷವೂ ಹುಡುಗರನ್ನು ಮನೆಯಲ್ಲೇ ಕೂರಿಸುವುದೋ ಎಂದು ಸೊಸೆಯನ್ನು ಕೇಳಿದರು. ತಾಯಿ ಮೆತ್ತಗೆ, ಆದರೆ ಹಿಂದೆ ಸರಿಯದೆ ಹೇಳಿದರು: "ಮಾವಾರ, ಇವ್ರು ಕೈಲೆ ಮಾಡಿ ಕಲಿತಾರ್ರಿ. ಹಂಗ ಕಲ್ತದ್ದು ಭಾಳ ದಿನ ಇರ್ತೈತಿ."

ಯಜಮಾನರು ನನ್ನ ಹಸಿರು ಮೂಗನ್ನು ಒಂದು ಸಲ, ಗೋಡೆಯನ್ನು ಒಂದು ಸಲ ನೋಡಿದರು.

"ಕೈಲೆ ಕಲಿತಾರಂದ್ರ ಆತು. ಮಣ್ಣೆತ್ತಿನ ಅಮಾಸಿಗೆ ಬರ್ತೀನಿ. ಪೂಜಿಗೆ ಸಂತಿ ಎತ್ತು ಬ್ಯಾಡ. ಇವ್ರ ಮಾಡಿದ್ದು ದೇವರ ಜಗಲಿ ಮ್ಯಾಲ ನಿಂದರಬೇಕು. ನಿಂತ್ರ, ನೋಡಾಣ, ನೋಡಾಣ. ಬಿತ್ತಂದ್ರ ಮರುದಿನ ಹೊಸಪೇಟಿ ಶಾಲಿ. ಸೀಟು ಹಿಡದಿಟ್ಟೀನಿ."

ಮುಂಗಾರಿನ ಆ ಅಮಾವಾಸ್ಯೆಗೆ ನಮ್ಮ ಕಡೆ ಮನೆಮನೆಯಲ್ಲೂ ಮಣ್ಣಿನ ಜೋಡೆತ್ತು ಮಾಡಿ, ಮುಂದೆ ಮಣ್ಣಿನದೇ ಗ್ವಾದಲಿ ಇಟ್ಟು, ಅದರಲ್ಲಿ ಮೇವು ಹಾಕಿ ಪೂಜೆ ಮಾಡುತ್ತಾರೆ. ಅಷ್ಟೇನು ದೊಡ್ಡ ಕೆಲಸವಲ್ಲ ಎಂದುಕೊಂಡೆ. ಯಜಮಾನರ ಕಾರು ತಿರುವು ದಾಟಿದ ಮೇಲೆ ಅವರ ಕೆಮ್ಮನ್ನೂ ಎರಡು 'ನೋಡಾಣ'ವನ್ನೂ ಮಾಡಿ ತೋರಿಸಿದೆ. ಜೆಸಿಬಿ ಉರುಳಾಡಿ ನಕ್ಕ. ರಬ್ಬರ್ ಮೇಡಂ ನಗಲಿಲ್ಲ. ಎತ್ತು ಬಿದ್ದರೆ ಹಳದಿ ಬಸ್ಸು ನಮ್ಮ ಮನೆ ಮುಂದೆ ನಿಲ್ಲುತ್ತದಾ ಎಂದು ಕೇಳಿದಳು. ಕೇಳಿ ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಮಣ್ಣು ತಂದೆವು. ಕೆರೆಯಂಚಿನ ಗದ್ದೆಯಿಂದ ಎರೆಮಣ್ಣು, ಕಪ್ಪಗೆ, ಬೆಣ್ಣೆಯಂಥದ್ದು. ಟಬ್ಬಿನಲ್ಲಿ ನೆನೆಹಾಕಿ, ಕಲ್ಲು, ಬೇರು, ಒಂದು ಜೀವಂತ ಏಡಿ ತೆಗೆದು, ಗೋಣಿತಟ್ಟಿನ ಮೇಲೆ ಸುರಿದು ತುಳಿದೆವು. ತುಳಿಯುವುದರಲ್ಲಿ ಜೆಸಿಬಿಗೆ ಹುಟ್ಟಾ ಪ್ರತಿಭೆ. ನಾನು ಜಾರಿ ಬಿದ್ದೆ. ಆಮೇಲೆ ನನ್ನ ಡಿಪ್ಲೊಮಾ ಕೆಲಸ ಶುರು ಮಾಡಿತು. ಮೂರ್ತಿ ಮಾಡುವಾಗ ಒಳಗೊಂದು ಅಸ್ಥಿಪಂಜರ ಇರಬೇಕೆಂದು ಕಾಲೇಜಿನಲ್ಲಿ ಕಲಿತಿದ್ದೆ. ಹಾಗಾಗಿ ಬಿದಿರು ಕಡ್ಡಿ ಮುರಿದು ಪ್ರತಿ ಕಾಲಿಗೊಂದು ಚುಚ್ಚಿ, ಸುತ್ತ ಮಣ್ಣು ಮೆತ್ತಿಸಿದೆ. ಎತ್ತುಗಳು ಮಿಲಿಟರಿಯವರಂತೆ ಸೆಟೆದು ನಿಂತವು. ಮಾಳಿಗೆಯ ಮೇಲೆ ಬಿಸಿಲಿಗಿಟ್ಟು, ನಾನು ಹೆಮ್ಮೆಯಿಂದ ಸ್ಕೂಟರ್ ಹತ್ತಿದೆ.

ಮರುದಿನ ಮಾಳಿಗೆ ಹತ್ತಿ ನೋಡಿದರೆ ಎತ್ತುಗಳ ಬದಲು ಕಡ್ಡಿಗಳು ನಿಂತಿದ್ದವು. ಮಣ್ಣು ಒಣಗುತ್ತಾ ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ. ಕುಗ್ಗಿದ ಮಣ್ಣು ಕಡ್ಡಿಯ ಸುತ್ತ ಬಿರಿದು, ಸಿಪ್ಪೆಯಂತೆ ಕಳಚಿ ಬಿದ್ದಿತ್ತು. ಅದೂ ಎರೆಮಣ್ಣು. ಬೇಸಿಗೆಯ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ ಮಣ್ಣನ್ನು ನಮ್ಮೂರ ಬಿಸಿಲಿಗಿಟ್ಟು ನಾನು ಮನೆಗೆ ಹೋಗಿದ್ದೆ. ಜೆಸಿಬಿ ಒಂದು ಕಡ್ಡಿ ಕಿತ್ತುಕೊಂಡು, "ಮಾಮಾ, ಎತ್ತು ಐಸ್ಕ್ಯಾಂಡಿ ಆಗ್ಯಾವ" ಎಂದ.

ಸಂಜೆ ತೋಟದಿಂದ ಬಂದ ತಂದೆ ಆ ಅವಶೇಷ ನೋಡಿ, ಸಂತೆಯಲ್ಲಿ ಚೆಂದದ ಜೋಡಿ ಸಿಗುತ್ತವೆ, ತಂದುಬಿಡೋಣ, ಬಣ್ಣವನ್ನಷ್ಟೇ ಹುಡುಗರು ಹಚ್ಚಲಿ, ಅಪ್ಪನಿಗೇನು ಗೊತ್ತಾಗುತ್ತದೆ ಎಂದರು. ನನಗೆ ಅದು ಬಹಳ ಬುದ್ಧಿವಂತಿಕೆಯ ಮಾತಾಗಿ ಕಂಡಿತು. ತಾಯಿ ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟರು.

"ಅದನ್ನ ಕಲಿಸೂದಾದ್ರ ಮನ್ಯಾಗ ಯಾಕ ಇಟ್ಕೊಬೇಕು? ಶಾಲಿಗೇ ಹೋಗ್ಲಿ ಬಿಡ್ರಿ."

ತಂದೆ ಪಂಪ್‌ಸೆಟ್ ನೋಡಿ ಬರುತ್ತೇನೆಂದು ಎದ್ದರು. ನಾನೂ ಜೊತೆಗೆ ಹೊರಟೆ. ಪಂಪ್‌ಸೆಟ್ಟಿಗೆ ಏನೂ ಆಗಿರಲಿಲ್ಲ.

ಎರಡನೇ ಸಲ ಮಣ್ಣಿಗೆ ಮದ್ದು ಹಾಕಿದೆವು. ಗಿರಣಿಯ ಹೊಟ್ಟನ್ನು ಸಣ್ಣಗೆ ಜರಡಿ ಹಿಡಿದು, ಸ್ವಲ್ಪ ಹತ್ತಿಯನ್ನು ಎಳೆ ಎಳೆಯಾಗಿ ಹಿಂಜಿ ಸೇರಿಸಿ ನಾದಿದೆವು. ಹದ ನೋಡಲು ಮಣ್ಣನ್ನು ಹಗ್ಗದಂತೆ ಹೊಸೆದು ಬೆರಳಿಗೆ ಉಂಗುರ ಸುತ್ತಬೇಕು. ಬಿರಿದರೆ ಇನ್ನೂ ನಾದಬೇಕು. ಬಿರಿಯದಿದ್ದರೆ ಉಂಗುರ. ಜೆಸಿಬಿ ಹತ್ತೂ ಬೆರಳಿಗೆ ಉಂಗುರ ತೊಟ್ಟು ಊಟಕ್ಕೆ ಕೂತು, ಅಮ್ಮ ಗದರಿದ ಮೇಲೆ ಕೈ ತೊಳೆಯಲು ಎದ್ದ. ಕಡ್ಡಿ ಇಲ್ಲ. ಕಾಲುಗಳನ್ನು ಬೇರೆ ಮಾಡಿ ಅಂಟಿಸುವುದಕ್ಕಿಂತ ಮುದ್ದೆಯಿಂದಲೇ ಹಿಂಡಿ ಎಳೆಯಬೇಕು, ಒನಕೆಯಂತೆ ದಪ್ಪಗೆ, ಗಿಡ್ಡಗೆ. ಹೊಟ್ಟೆಯ ಕೆಳಗೆ ಚಮಚದಿಂದ ತೋಡಿ ಟೊಳ್ಳು ಮಾಡಿದರೆ ಒಳಗೂ ಹೊರಗೂ ಒಟ್ಟಿಗೆ ಒಣಗುತ್ತದೆ. ಕೊಂಬು, ಹೆಗಲ ಮೇಲಿನ ಇಣಿ ಅಂಟಿಸುವ ಕಡೆ ಗೀರು ಹಾಕಿ, ಮಣ್ಣಿನ ಅಂಬಲಿ ಹಚ್ಚಿ ಒತ್ತಬೇಕು.

ಎಲ್ಲ ಸರಿಯಾಗಿತ್ತು. ನನ್ನ ಕೈ ಮಾತ್ರ ಸುಮ್ಮನಿರಲಿಲ್ಲ. ರಬ್ಬರ್ ಮೇಡಂ ಹೇಗೋ ಒಂದು ಎತ್ತಿನ ಆಕಾರ ತಂದಿದ್ದಳು. ಮುಖ ಸ್ವಲ್ಪ ಆಡಿನದು, ಸ್ವಲ್ಪ ನಮ್ಮ ತಹಶೀಲ್ದಾರ್ ಕಚೇರಿಯ ಜವಾನನದು. ಅವಳು ನೀರು ಕುಡಿಯಲು ಹೋದಾಗ ಹೆಬ್ಬೆರಳು ಒದ್ದೆ ಮಾಡಿ ಗಲ್ಲ ಸವರಿದೆ, ಮೂಗು ತಿದ್ದಿದೆ, ಕಿವಿ ಎತ್ತಿದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕ್ಯಾಲೆಂಡರಿನ ಎತ್ತಾಯಿತು. ಅವಳು ಬಂದು ಲೋಟ ಹಿಡಿದುಕೊಂಡೇ ನಿಂತಳು.

"ಇದು ನಂದಲ್ಲ."

ಸ್ವಲ್ಪ ತಿದ್ದಿದೆ ಅಷ್ಟೇ, ಎಂದೆ.

"ನಿಮ್ದ ಐತಿ. ನೀವ ಪೂಜಿ ಮಾಡ್ಕೋರಿ."

ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ಗೋಡೆಗೆ ಮುಖ ಮಾಡಿ ಕೂತಳು. ಆ ದಿನ ಮತ್ತೆ ಮಣ್ಣು ಮುಟ್ಟಲಿಲ್ಲ, ಮರುದಿನವೂ ಮುಟ್ಟಲಿಲ್ಲ. ರಸ್ತೆಯಲ್ಲಿ ಹಳದಿ ಬಸ್ಸು ಹಾರ್ನ್ ಹಾಕುತ್ತಾ ಹೋಯಿತು. ನಾನು ಹಾಗೇ ಹಾರ್ನ್ ಹಾಕಿ ತೋರಿಸಿದೆ. ಯಾರೂ ನಗಲಿಲ್ಲ. ನನ್ನ ಜೀವಮಾನದಲ್ಲಿ ಲಾರಿ, ಬಸ್ಸು ಮಾಡಿ ನಗು ಬರದಿದ್ದದ್ದು ಅದೇ ಮೊದಲು. ಅಮಾವಾಸ್ಯೆ ಹತ್ತಿರವಾಗಿತ್ತು, ಆಕೆ ಮಣ್ಣು ಮುಟ್ಟದಿದ್ದರೆ ಎತ್ತು ಬೀಳುವುದಿರಲಿ, ನಿಲ್ಲುವುದಕ್ಕೂ ಇರುವುದಿಲ್ಲ.

ಮಾರನೆಯ ದಿನ ಬಂದವನೇ ನನ್ನ ಹೆಗಲ ಟವೆಲ್ಲನ್ನು ಜೆಸಿಬಿಗೆ ಕೊಟ್ಟು, ಕೈ ಹಿಂದೆ ಮಾಡಿ, ಕಟ್ಟು ಎಂದೆ. ಅವನು ಕಾರಣ ಕೇಳಲಿಲ್ಲ. ಜಗತ್ತಿನ ಎಲ್ಲ ಮೇಷ್ಟ್ರನ್ನೂ ಕಟ್ಟಲು ತಯಾರಿದ್ದವನಂತೆ ಗಂಟು ಹಾಕಿದ. ಗಂಟು ಸಡಿಲವೆಂದು ಎದ್ದು ಬಂದು ಇನ್ನೊಂದು ಗಂಟು ಹಾಕಿದವಳು ರಬ್ಬರ್ ಮೇಡಂ.

"ಈಗ ಮುಟ್ಟಾಕ ಬರಾಂಗಿಲ್ಲ" ಎಂದು ಎಳೆದು ನೋಡಿ ಖಾತ್ರಿ ಮಾಡಿಕೊಂಡಳು.

ಕೈ ಹೋದ ಮೇಲೆ ನನ್ನಲ್ಲಿ ಉಳಿದದ್ದು ಮಿಮಿಕ್ರಿ. ಮೂವರೂ ಹಿಂದಿನ ಓಣಿಯ ರೈತರೊಬ್ಬರ ಕೊಟ್ಟಿಗೆಗೆ ಹೋದೆವು. ಕೈ ಕಟ್ಟಿಸಿಕೊಂಡು ಮಕ್ಕಳ ಹಿಂದೆ ನಡೆಯುತ್ತಿದ್ದ ನನ್ನನ್ನು ನೋಡಿ ಓಣಿಯವರು ಏನು ಕದ್ದೆ ಎಂದು ಕೇಳಿದರು. ಕೊಟ್ಟಿಗೆಯಲ್ಲಿ ನಿಯಮ ಒಂದೇ: ಮೊದಲು ನೋಡುವುದು, ಆಮೇಲೆ ಮೈಯಿಂದ ಮಾಡುವುದು, ಕೊನೆಗೆ ಮಣ್ಣಿನಿಂದ. ನಾನು ಎತ್ತಿನಂತೆ ಕತ್ತು ತಗ್ಗಿಸಿದೆ, ಮೆಲುಕು ಹಾಕಿದೆ, ನೊಣ ಓಡಿಸಲು ಭುಜದ ಚರ್ಮ ಅಲುಗಿಸಲು ಹೋಗಿ ಸೋತೆ. ಅದನ್ನು ಎತ್ತು ಮಾತ್ರ ಮಾಡಬಲ್ಲದು. ಮಲಗುವುದನ್ನು ತೋರಿಸಲು ಹಿಂಗಾಲು ಮಡಚಿ ಕೂತೆ.

"ಮಾಮಾ, ಹಂಗ ನಾಯಿ ಕುಂದರ್ತೈತಿ" ಎಂದ ಜೆಸಿಬಿ. "ಎತ್ತು ಮುಂದಿನ ಕಾಲು ಮೊದ್ಲು ಮಡಚ್ತೈತಿ."

ಅಷ್ಟರಲ್ಲಿ ನಿಜವಾದ ಎತ್ತು ನನ್ನ ಕಡೆಗೊಂದು ನಿಟ್ಟುಸಿರು ಬಿಟ್ಟು, ಮುಂದಿನ ಮೊಣಕಾಲು ಮಡಚಿ, ಆಮೇಲೆ ಹಿಂಭಾಗ ಇಳಿಸಿ ಮಲಗಿತು. ಐದು ವರ್ಷದವನು ಹೇಳಿದ್ದೇ ಸರಿ. ನಾನು ಮತ್ತೆ ಮಾಡಿದೆ. ಕೈಯಿಲ್ಲದೆ ಮುಂದಕ್ಕೆ ಮಂಡಿಯೂರಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಹಣೆಯ ಮೇಲೆ ಸಗಣಿಯೊಂದಿಗೆ ಎದ್ದೆ. ಆಗ ರಬ್ಬರ್ ಮೇಡಂ ನಕ್ಕಳು. ನಕ್ಕು, ತಾನೂ ನಾಲ್ಕು ಕಾಲಿನ ಮೇಲೆ ನಿಂತು, ಭಾರ ಎಲ್ಲಿ ಬೀಳುತ್ತದೆಂದು ಹಿಂದೆ ಮುಂದೆ ತೂಗಿ ನೋಡಿದಳು. ಮುಂದಿನ ಕಾಲಿಗೇ ಹೆಚ್ಚು ಎಂದು ತಾನೇ ಹೇಳಿದಳು. ತಲೆ, ಕೊಂಬು, ಇಣಿ ಎಲ್ಲ ಮುಂದೆಯೇ ಇದೆಯಲ್ಲ. ನನ್ನ ಡಿಪ್ಲೊಮಾ ಅದನ್ನು ಹೇಳಿರಲಿಲ್ಲ.

ಒಂದು ಬೆಳಿಗ್ಗೆ ತಾಯಿಯೂ ಸೇರಿ ಹಂಪಿ ಬಜಾರಿಗೆ ಹೋದೆವು. ಬೀದಿಯ ಕೊನೆಯಲ್ಲಿ, ಗುಡಿಗೆ ಎದುರಾಗಿ ದೊಡ್ಡ ಬಸವಣ್ಣ ಕೂತಿದ್ದಾನಲ್ಲ, ಅವನನ್ನು ನೋಡಲು. ನಾನು ದಾರಿಯುದ್ದಕ್ಕೂ ಮೂರು ಭಾಷೆಯ ಗೈಡ್ ಆಗಿ ಸುಳ್ಳು ಇತಿಹಾಸ ಹೇಳಿದೆ. ಹಿಂದೆ ಬಂದ ಪ್ರವಾಸಿಯೊಬ್ಬರು ಅದನ್ನು ನಂಬಿ ಫೋನಿನಲ್ಲಿ ಬರೆದುಕೊಂಡಾಗ ತಾಯಿ ಕಣ್ಣು ಬಿಟ್ಟರು, ನಿಲ್ಲಿಸಿದೆ. ರಬ್ಬರ್ ಮೇಡಂ ಬಸವಣ್ಣನ ಸುತ್ತ ನಿಧಾನ ಬಂದಳು. ಗುಡಿಯ ಒಳಗಿನ ಕಂಬಗಳಂತೆ ನುಣುಪಿಲ್ಲ ಅವನು, ಒರಟು. ಮೂತಿ ಸವೆದಿದೆ. ಬಹಳ ಹೊತ್ತು ನೋಡಿ ಅಮ್ಮನನ್ನು ಕೇಳಿದಳು:

"ಇದನ್ನ ಯಾರೂ ಸಾಪು ಮಾಡಿಲ್ಲಲ?"

"ಇಲ್ಲ."

"ಆದ್ರೂ ಬಸವಣ್ಣ ಅಂತ ಗೊತ್ತಾಗ್ತೈತಿ."

ನಾನು ಬಾಯಿ ಮುಚ್ಚಿಕೊಂಡಿದ್ದೆ. ಅದು ನನ್ನ ಮಟ್ಟಿಗೆ ಕೈ ಕಟ್ಟಿಸಿಕೊಂಡದ್ದಕ್ಕಿಂತ ದೊಡ್ಡ ತ್ಯಾಗ.

ಮನೆಗೆ ಬಂದು ಅವಳು ಮೊದಲು ನನ್ನ ಕೈ ಮತ್ತೆ ಕಟ್ಟಿ, ಆಮೇಲೆ ಮಣ್ಣು ಕೇಳಿದಳು. ಎರಡು ಜೋಡಿ ಎದ್ದವು: ಒಂದು ಅವಳದು, ಒಂದು ಜೆಸಿಬಿಯದು. ಅವನ ಎತ್ತುಗಳಿಗೆ ಆನೆಯ ಕಾಲು, ಹಾಗಾಗಿ ಅವು ಬೀಳುವ ಪ್ರಶ್ನೆಯೇ ಇರಲಿಲ್ಲ. ಅವಳ ಎತ್ತುಗಳಿಗೆ ನಡಿಗೆ ಇತ್ತು. ಒಂದು ಮುಂಗಾಲು ತುಸು ಮುಂದಿಟ್ಟು ಈಗಷ್ಟೇ ಹೊರಟಂತೆ. ಆ ಕಾಲು ತೆಳ್ಳಗಿದೆ ಎಂದು ನನಗೆ ಕಂಡಿತು. ಕಾಲು ದಪ್ಪ ಮಾಡು ಎಂದು ಬಾಯಲ್ಲಿ ಹೇಳಿದೆ. ನಡೆಯುವ ಎತ್ತಿಗೆ ಅಷ್ಟೇ ಸಾಕೆಂದಳು. ಹಿಂದೆ ಟವೆಲ್ಲಿನಲ್ಲಿ ನನ್ನ ಹೆಬ್ಬೆರಳು ಒದ್ದಾಡಿತು. ಗಂಟು ಗಟ್ಟಿಯಿತ್ತು.

ಈ ಸಲ ಬಿಸಿಲಿಗೆ ಕಳಿಸಲಿಲ್ಲ. ಒಳಕೋಣೆಯಲ್ಲಿ ಒದ್ದೆ ಬಟ್ಟೆ ಹೊದಿಸಿ, ದಿನಕ್ಕಿಷ್ಟು ಬಟ್ಟೆ ಸರಿಸುತ್ತಾ, ಬಾಣಂತಿಯರನ್ನು ನೋಡಿಕೊಂಡಂತೆ ನೋಡಿಕೊಂಡೆವು. ಕೂದಲೆಳೆಯಷ್ಟು ಬಿರುಕು ಕಂಡರೆ ಅಂಬಲಿ. ಬಣ್ಣಕ್ಕೆ ನಾನು ಸಂಡೂರಿಗೆ ಹೋಗಿ ಗುಡ್ಡದ ಕೆಂಪು ಮಣ್ಣು ತಂದೆ. ಬಿಳಿ ಅಂಗಿ ಹಾಕಿಕೊಂಡು ಹೋಗಿ ಕೆಂಪು ಅಂಗಿಯಲ್ಲಿ ಬಂದೆ, ಅದಿರು ಲಾರಿಗಳ ಹಿಂದೆ ಬಂದವರಿಗೆ ಇದು ವಿಶೇಷವಲ್ಲ. ಸುಣ್ಣದ ಮೈ, ಕೆಂಪು ಕೊಂಬು, ಜೋಳದ ಕಾಳಿನ ಕಣ್ಣು. ಕಾಳುಗಳನ್ನು ಜೆಸಿಬಿ ಒತ್ತಿದ್ದರಿಂದ ನಾಲ್ಕೂ ಎತ್ತುಗಳು ಏನನ್ನೋ ಕಂಡು ಬೆಚ್ಚಿದಂತಿದ್ದವು.

ಅಮಾವಾಸ್ಯೆಯ ಬೆಳಿಗ್ಗೆ ಯಜಮಾನರು ಬಂದರು. ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಜಗಲಿಯ ಮುಂದೆ ಮಣೆ ಹಾಕಿ ಕೂತರು. ಮಕ್ಕಳು ಒಂದೊಂದೇ ಎತ್ತು ತಂದಿಟ್ಟರು. ಗ್ವಾದಲಿಯಲ್ಲಿ ಹುಲ್ಲು ಬಿತ್ತು. ನಾಲ್ಕೂ ನಿಂತವು. ತಂದೆ ನನ್ನನ್ನು ನೋಡಿ ಹುಬ್ಬು ಹಾರಿಸಿದರು. ತಾಯಿ ಆರತಿ ಬೆಳಗಿದರು. ಯಜಮಾನರು ಕೆಮ್ಮಲು ಶುರು ಮಾಡಿದ್ದರು, ಬೆಲ್ಟು ಎಳೆದ ಸದ್ದು ಬಂದಿತ್ತು, ಆಗ ಜೆಸಿಬಿ ನೈವೇದ್ಯದ ಇಡೀ ಹೋಳಿಗೆಯನ್ನು ಅಕ್ಕನ ಎತ್ತಿನ ಕುತ್ತಿಗೆಯ ಮೇಲೆ ಹೇರಿದ. ಎತ್ತಿಗೆ ಹಸಿವಾಗಿರುತ್ತದೆ ಎಂಬುದು ಅವನ ಲೆಕ್ಕ.

ಟಕ್ ಎಂದಿತು. ಮುಂದಿಟ್ಟ ಕಾಲು ಮುರಿದು, ಎತ್ತು ಮೂತಿ ಮುಂದಾಗಿ ಬಾಗಿ, ಹಿಂಭಾಗ ಎತ್ತಿಕೊಂಡು ಜಗಲಿಯ ಮೇಲೆ ಒರಗಿತು.

ಜೆಸಿಬಿ ಬಗ್ಗಿ ಪರೀಕ್ಷಿಸಿ, "ಮುಂದಿನ ಕಾಲ ಮೊದ್ಲು ಮಡಚೈತಿ. ಬರೋಬ್ಬರಿ ಐತಿ" ಎಂದ.

ತಾಯಿಯ ಕೈಯಲ್ಲಿ ಆರತಿ ತಟ್ಟೆ ಹಾಗೇ ನಿಂತಿತ್ತು. ನಾನು ರಬ್ಬರ್ ಮೇಡಂಳ ಕಡೆ ನೋಡಿದೆ. ಓಡಿಹೋಗುತ್ತಾಳೆ, ಅಥವಾ ಎತ್ತಿಕೊಂಡು ಕುಟ್ಟಿ ಪುಡಿ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಮುರಿದ ಕಾಲನ್ನು ಎತ್ತಿಕೊಂಡಳು. ತಂದೆ ಅವಸರದಲ್ಲಿ, ಅದು ಮೇಷ್ಟ್ರು ಮಾಡಿದ್ದು, ಮಕ್ಕಳದು ಬೇರೆ ಇವೆ ಎಂದು ಶುರು ಮಾಡಿದರು.

"ಇಲ್ಲ ಅಜ್ಜಾ, ಇದು ನಂದು" ಎಂದಳು. "ಮಾಮಾ ಮುಟ್ಟೇ ಇಲ್ಲ. ಕೈ ಕಟ್ಟಿದ್ವಿ."

ಯಜಮಾನರ ಕೆಮ್ಮು ಅರ್ಧಕ್ಕೇ ನಿಂತಿತು. ಕೈ ಚಾಚಿ ಎತ್ತನ್ನು ತೆಗೆದುಕೊಂಡು ಮಗುಚಿ ನೋಡಿದರು. ಹೊಟ್ಟೆಯ ಕೆಳಗೆ, ಸುಣ್ಣ ತಾಗದ ಕಡೆ, ಅವಳ ಬೆರಳಿನ ಗುರುತುಗಳು ತುಂಬಿದ್ದವು, ಶೇಂಗಾ ಬೀಜದಷ್ಟು ಚಿಕ್ಕವು. ಅದರ ಮೇಲೆ ತಮ್ಮ ಹೆಬ್ಬೆರಳಿಟ್ಟು ಅಳೆದರು. ಆಮೇಲೆ ನನ್ನನ್ನು ನೋಡಿದರು. ನಾನು, ಯಾಕೋ ಗೊತ್ತಿಲ್ಲ, ಎರಡೂ ಕೈ ಹಿಂದೆ ಇಟ್ಟುಕೊಂಡೆ.

"ನಾಳಿ ಎತ್ತು ಇವತ್ತ ತಯಾರಾತಲ್ಲೋ" ಎಂದರು.

ನಾನು ಹಣೆ ಬಡಿದುಕೊಂಡೆ. ಇಷ್ಟು ದಿನ ಬಿರುಕಿನ ವಿರುದ್ಧ ಹೋರಾಡುವ ಭರದಲ್ಲಿ ಹಬ್ಬದ ಅರ್ಧವನ್ನೇ ಮರೆತಿದ್ದೆ. ಅಮಾವಾಸ್ಯೆಯ ಮರುದಿನ ನಮ್ಮ ಕಡೆ ಹುಡುಗರು ಒಂದು ಮಣ್ಣೆತ್ತಿನ ಕಾಲು ತಾವೇ ಮುರಿದು, ಕುಂಟೆತ್ತು ಬಂದಿದೆ, ಮೇವಿಗೆ ಜೋಳ ನೀಡಿ ಎಂದು ಮನೆಮನೆಗೆ ಹೋಗುತ್ತಾರೆ. ಕುಂಟೆತ್ತು ಇಲ್ಲದಿದ್ದರೆ ಆ ದಿನವೇ ಇಲ್ಲ. ಮರಿಯಮ್ಮನಹಳ್ಳಿಯಲ್ಲಿ ಪ್ರತಿ ವರ್ಷ ಕುಂಟುವ ಪಾತ್ರ ನನ್ನದೇ ಆಗಿತ್ತು, ಅಭಿನಯ ಶುರುವಾದದ್ದೇ ಅಲ್ಲಿ. ತಂದೆಗೆ ಗಾಬರಿಯಲ್ಲಿ ಅದು ಹೊಳೆದಿರಲಿಲ್ಲ, ಹೊಸಪೇಟೆಯಲ್ಲಿ ಬೆಳೆದ ತಾಯಿಗೆ ಗೊತ್ತೇ ಇರಲಿಲ್ಲ. ಕಾಲು ಮುರಿಯುವುದೂ ಹಬ್ಬದ್ದೇ ಎಂದು ಯಜಮಾನರು ಮೊಮ್ಮಗಳಿಗೆ ವಿವರಿಸಿದರು. ಅವಳು ಮುರಿದ ಕಾಲನ್ನೂ ಎತ್ತನ್ನೂ ಅಜ್ಜನನ್ನೂ ಸರದಿಯಂತೆ ನೋಡಿ, ಹಾಗಾದರೆ ಇದನ್ನು ಅಂಟಿಸಬಾರದಾ ಎಂದು ಕೇಳಿದಳು. ಅಂಟಿಸಿದರೆ ಜೋಳ ಕೊಡುವುದಿಲ್ಲ ಎಂದರು ಅಜ್ಜ.

ಆ ರಾತ್ರಿ ಅವರು ಕಂಪ್ಲಿಗೆ ಹೋಗಲಿಲ್ಲ.

ಮರುದಿನ ಓಣಿಯಲ್ಲಿ ಮೆರವಣಿಗೆ. ತಟ್ಟೆಯಲ್ಲಿ ಕುಂಟೆತ್ತು ಹಿಡಿದು ರಬ್ಬರ್ ಮೇಡಂ ಮುಂದೆ, ಅವಳಿಗೊಂದು ಕುಂಟು ನಡಿಗೆ. ಜೆಸಿಬಿ ಎರಡೂ ಕಾಲಿನಿಂದ ಕುಂಟಲು ಹೋಗಿ ಕುಪ್ಪಳಿಸುತ್ತಿದ್ದ. ನಾನು ಹಳೆಯ ಕಲಾವಿದ, ಬಲಗಾಲು ಎಳೆದು, ಭುಜ ಇಳಿಸಿ, ಬಹಳ ಚೆಂದ ಕುಂಟಿದೆ. ಹಿಂದೆ ಯಜಮಾನರು. ಅವರ ಮೊಣಕಾಲು ನೋವು ಹಳೆಯದು, ಹಾಗಾಗಿ ಅವರೇನೂ ಅಭಿನಯಿಸಬೇಕಿರಲಿಲ್ಲ. ಓಣಿಯವರು ಮಾತ್ರ ಎಲ್ಲರಿಗಿಂತ ಅಜ್ಜಾರದೇ ಮಸ್ತ್ ಐತಿ ಎಂದು ಹೊಗಳಿ ಮೊದಲ ಸೇರು ಜೋಳ ಅವರ ಟವೆಲ್ಲಿಗೆ ಹಾಕಿದರು. ದಿನಾ ಅಷ್ಟೊಂದು ಅಕ್ಕಿ ತೆಗೆಯುವ ಮನುಷ್ಯ ಆ ಜೋಳವನ್ನು ಗಂಟು ಕಟ್ಟಿಕೊಂಡದ್ದನ್ನು ನೋಡಬೇಕಿತ್ತು. ಯಾರೋ ಒಬ್ಬ ಅಜ್ಜಿ ಎತ್ತಿನ ಮುಖ ನೋಡಿ, ಇದಕ್ಕೇಕೆ ಹೀಗೆ ಗಾಬರಿ ಎಂದು ಕೇಳಿದಳು. "ನಾನ ಮಾಡಿದ್ದು, ಅದು ಹಂಗ ಇರ್ತೈತಿ" ಎಂದು ರಬ್ಬರ್ ಮೇಡಂ ಮುಂದಿನ ಮನೆಗೆ ನಡೆದಳು.

ವಾಪಸು ಬಂದು ಕಟ್ಟೆಯ ಮೇಲೆ ಕೂತಾಗ ಜೆಸಿಬಿ ನನ್ನ ಮಾನ ತೆಗೆದ. ಮಾಮಾ ನಿನ್ನಂಗ ಕೆಮ್ಮತಾನ ಅಜ್ಜಾ, ಮಾಡು ಅನ್ನು, ಎಂದ. ನನಗೆ ಆ ಕ್ಷಣ ಪಂಪ್‌ಸೆಟ್ ನೆನಪಾಯಿತು. ಯಜಮಾನರು ಮೊಣಕಾಲು ತಿಕ್ಕಿಕೊಳ್ಳುತ್ತಾ, ಮಾಡು ಎಂದರು. ತಪ್ಪಿಸಿಕೊಳ್ಳುವಂತಿರಲಿಲ್ಲ. ಬೆಲ್ಟು ಎಳೆದೆ, ಗಡಗಡ ಎನಿಸಿದೆ, ಎರಡು 'ನೋಡಾಣ' ಉದುರಿಸಿದೆ. ಅವರು ಜಮೀನು ತಕರಾರು ಕೇಳುವವರಂತೆ ಪೂರ್ತಿ ಕೇಳಿದರು.

"ಕೆಮ್ಮು ಬರೋಬ್ಬರಿ. ಉಳದದ್ದು ನಾನಲ್ಲ."

ಆಗ ಬಾಗಿಲಲ್ಲಿದ್ದ ತಾಯಿ, ಅಷ್ಟು ದಿನ ನುಂಗಿಕೊಂಡಿದ್ದನ್ನು ಕೇಳಿದರು.

"ಮಾವಾರ, ಶಾಲಿದು ಏನು ಮಾಡ್ಲಿರಿ?"

ಯಜಮಾನರು ಕೆಮ್ಮಲಿಲ್ಲ. ಮೊಮ್ಮಗಳು ತೊಡೆಯ ಮೇಲೆ ಕುಂಟೆತ್ತು ಇಟ್ಟುಕೊಂಡು ಟವೆಲ್ಲಿನ ಜೋಳದಿಂದ ಒಂದೊಂದೇ ಕಾಳು ತಿನ್ನಿಸುತ್ತಿದ್ದಳು. ಅದನ್ನೇ ನೋಡುತ್ತಾ ಹೇಳಿದರು:

"ಮುಂದಿನ ವರ್ಷ ಕಾಲು ಹೆಂಗ ಮಾಡ್ತಾಳ... ನೋಡಾಣ. ನೋಡಾಣ."

ಅಲ್ಲಿಯವರೆಗೂ ನಾನು ಎರಡನೇ 'ನೋಡಾಣ'ವನ್ನು ಮೊದಲನೆಯದರಂತೆಯೇ ಮಾಡುತ್ತಿದ್ದೆ, ಬಾಗಿಲು ಮುಚ್ಚಿದಂತೆ. ಅದು ಹಾಗಲ್ಲ. ಎರಡನೆಯದು ಸ್ವಲ್ಪ ತಗ್ಗಿನಿಂದ, ಬಾಯಲ್ಲಿ ಬೆಲ್ಲವಿದ್ದಂತೆ ಬರುತ್ತದೆ. ಅದರ ಕೊನೆಯಲ್ಲೊಂದು ನಗು ಇದೆ. ಮರಿಯಮ್ಮನಹಳ್ಳಿಗೆ ಹೋಗುವ ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಅದನ್ನೇ ಅಭ್ಯಾಸ ಮಾಡಿದೆ. ಇನ್ನೂ ಪೂರ್ತಿ ಬಂದಿಲ್ಲ.